ಬೋರಲು ಹಾಕಿದ ಭರಣಿ

ಹಳೆಯ ಪಿಂಗಾಣಿಯ ವಯಸ್ಸು ಹೇಳುವುದು ಅದರ ತಳದ ಮುದ್ರೆ. ಬೋರಲು ಹಾಕದೆ ಅದನ್ನು ಓದಲಾಗದು. ಅದನ್ನು ಓದಿ ಹಳೆಯ ಸಾಮಾನು ಕೊಳ್ಳುವುದೇ ನನ್ನ ಕಸುಬು. ಹೋದ ವಾರ ರಾಜೇಶ್ವರದ ಮಾಣಿಕಮ್ಮನವರ ಅಡುಗೆಮನೆಯಲ್ಲಿ ಖಾಲಿ ಉಪ್ಪಿನಕಾಯಿ ಭರಣಿಯೊಂದನ್ನು ಕಂಡೆ.

“ಅದನ್ನ ಡಬ್ಬ ಹಾಕಬ್ಯಾಡ್ರಿ ಅಣ್ಣಾ. ನಮ್ಮತ್ತಿ ಸಾಯೂತನಕ ಹಾಕಗೊಡಲಿಲ್ಲ,” ಎಂದರು.

ಅವರು ಚಹಾಕ್ಕೆ ಎದ್ದು ಹೋದಾಗ ಬೋರಲು ಹಾಕಿಯೇಬಿಟ್ಟೆ. ನೂರು ವರ್ಷದ ಹಿಂದಿನ ಮುದ್ರೆ. ಬೇಸಿಗೆಯ ಸೆಖೆಯಲ್ಲೂ ತಳ ತಣ್ಣಗಿತ್ತು. ಒಳಗೆ ಏನೋ ಮೆತ್ತಗೆ ಬಾಯಿಯವರೆಗೆ ಜಾರಿಬಂದ ಸದ್ದಾಯಿತು. ನೆಲಕ್ಕೆ ಏನೂ ಬೀಳಲಿಲ್ಲ.

ಮರುದಿನದಿಂದ ಹುಮನಾಬಾದದ ನಮ್ಮ ಮನೆಯಲ್ಲಿ ಇಟ್ಟ ಲೋಟಗಳೆಲ್ಲ ಬೋರಲಾಗುತ್ತಿವೆ, ತಳ ತಣ್ಣಗೆ. ಇಂದು ತೊಟ್ಟಿಲಲ್ಲಿ ಮೊಮ್ಮಗಳೂ ಬೋರಲು ಬಿದ್ದಿದ್ದಳು. ಇನ್ನೂ ಕತ್ತು ನಿಲ್ಲದ ಕೂಸು. ಉಸಿರಿತ್ತು, ಬೆನ್ನು ತಣ್ಣಗಿತ್ತು.

ಈಗ ತೊಡೆಯ ಮೇಲೆ ಅಂಗಾತ ಹಿಡಿದು ಕೂತಿದ್ದೇನೆ. ಗಾಢ ನಿದ್ದೆಯಲ್ಲಿದ್ದಾಳೆ. ಆದರೂ ನನ್ನ ಅಂಗೈಗಳ ಕೆಳಗೆ ಮೆಲ್ಲಗೆ ತಿರುಗುತ್ತಿದ್ದಾಳೆ.