ಹಳದಿ ಏಪ್ರನ್

ವಿಕ್ರಾಂತ ಲ್ಯಾಬಿಗೆ ಬಂದ ಮೊದಲ ದಿನ ಮಾಡಿದ ಕೆಲಸ ಒಂದೇ: ಸ್ಟೂಲು ಎಳೆದುಕೊಂಡು ಕೂತು ಸುಗಂಧಾಳ ಕೈಗಳನ್ನು ನೋಡಿದ್ದು.

ಅವನ ತೊಡೆಯ ಮೇಲೆ ನೋಟ್‌ಬುಕ್ಕು, ಎಡಗೈಯಲ್ಲಿ ಸ್ಟಾಪ್‌ವಾಚು. ಅವಳು ಕಬ್ಬಿನ ಎಲೆಯ ಚೂರು ಅರೆದಳು, ಬರೆದುಕೊಂಡ. ಅರೆದದ್ದಕ್ಕೆ ದ್ರಾವಣ ಬಿಟ್ಟಳು, ಬರೆದುಕೊಂಡ. ಕಿರುಬೆರಳಿನಷ್ಟೂ ಇಲ್ಲದ ಟ್ಯೂಬಿನ ಮುಚ್ಚಳ ಒತ್ತಿ, ಉಗುರಿನಿಂದ ಎರಡು ಸಲ ತಟ್ಟಿ, ಒಂದು ಕ್ಷಣ ತಡೆದು ಸ್ಟ್ಯಾಂಡಿಗೆ ಇಟ್ಟಳು. ಅದನ್ನೂ ಬರೆದುಕೊಂಡ. ಅರ್ಧ ತಾಸಾಗುವಷ್ಟರಲ್ಲಿ ಸುಗಂಧಾಳಿಗೆ ಸಾಕಾಯಿತು.

“ಏನ್ ನೋಡಾಕತ್ತೀರಿ?”

“ನಿಮ್ಮ ಕೈ.”

“ಯಾಕ್ರಿ?”

“ಇವು ಮಾಡೂದನ್ನ ಯಂತ್ರಕ್ಕ ಕಲಿಸಬೇಕಲ್ರಿ,” ಎಂದ ಅವನು. ಮುಖ ನಗಲಿಲ್ಲ. ಕನ್ನಡಕದ ಹಿಂದಿನ ಕಣ್ಣು ಮಾತ್ರ ನಕ್ಕಂತಿತ್ತು.

ಸುಗಂಧಾಳಿಗೆ ನಗು ಬರಲಿಲ್ಲ. ಉಗಾರ ಖುರ್ದದ ಆ ಪುಟ್ಟ ಲ್ಯಾಬಿನಲ್ಲಿ ಅವಳಿಗೆ ಇದ್ದದ್ದು ಕಾಂಟ್ರ್ಯಾಕ್ಟ್ ನೌಕರಿ, ವರ್ಷಕ್ಕೊಮ್ಮೆ ಸಹಿ ಆಗಬೇಕಾದದ್ದು. ಹಗಲೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಚಿಕ್ಕೋಡಿಯ ಕ್ಲಾಸಿನಲ್ಲಿ ಕೂತು ಪಡೆದ ಡಿಪ್ಲೊಮಾದ ಮೇಲೆ ಸಿಕ್ಕ ಕೆಲಸ. ರೈತರು ನಾಟಿಗೆ ಮೊದಲು ಕಬ್ಬಿನ ಸಸಿಯ ಎಲೆ ತಂದುಕೊಡುತ್ತಿದ್ದರು. ಇವಳು ಅದನ್ನು ಅರೆದು, ಒಳಗಿನ ಡಿಎನ್‌ಎ ಬೇರ್ಪಡಿಸಿ ಕೊಡಬೇಕು. ಆಮೇಲೆ ಇನ್ನೊಂದು ಯಂತ್ರ ರೋಗದ ತುಣುಕೊಂದನ್ನು ಕೋಟಿಪಟ್ಟು ಬೆಳೆಸಿ, ಸಸಿಗೆ ರೋಗ ಐತೋ ಇಲ್ಲೋ ಹೇಳುತ್ತಿತ್ತು. ದಿನಕ್ಕೆ ನಲವತ್ತು ಟ್ಯೂಬು ಅವಳ ಕೈಯ ಮಿತಿ. ಹೊಸ ಯಂತ್ರ ಒಂದೇ ಸಲಕ್ಕೆ ತೊಂಬತ್ತಾರು ಮಾಡುತ್ತದಂತೆ. ಹಾಗಾದರೆ ನಾನ್ಯಾಕೆ ಎಂದು ಅವಳು ಆ ವಾರವೆಲ್ಲ ತನ್ನನ್ನೇ ಕೇಳಿಕೊಂಡಳು.

ಅವನಿಗೆ ಅದು ತಿಳಿದದ್ದು ಐದನೆಯ ದಿನ. ಹೇಳಿದವಳು ಲ್ಯಾಬಿನಲ್ಲಿ ಚಹಾ ಮಾಡಿ ಕಸ ಹೊಡೆಯುವ ಕಮಲಾಬಾಯಿ. ಅವನು ಊಟದ ಹೊತ್ತಿಗೆ ಬಂದು, ಯಂತ್ರಕ್ಕೆ ಎಲೆ ಅರೆಯಲು ಬರುವುದಿಲ್ಲ, ಬಾಡಿದ ಎಲೆ ಯಾವುದು, ಚಿಗುರು ಯಾವುದು ಗೊತ್ತಾಗುವುದಿಲ್ಲ, ತಪ್ಪಿದರೆ ನಾಚಿಕೆಯೂ ಆಗುವುದಿಲ್ಲ, ಆದ್ದರಿಂದ ಅದರ ಪಕ್ಕದಲ್ಲಿ ನಾಚಿಕೆ ಇರುವ ಮನುಷ್ಯರು ಬೇಕೇ ಬೇಕು ಎಂದು ಬಹಳ ಗಂಭೀರವಾಗಿ ವಿವರಿಸಿದ. ಸುಗಂಧಾ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದಳು. ನಗು ಮಾತ್ರ ತಗ್ಗಲಿಲ್ಲ.

ಅಲ್ಲಿಂದ ದಿನಗಳು ಬೇರೆಯಾದವು.

ಅವನು ನಿಪ್ಪಾಣಿಯವನು, ಪುಣೆಯ ಕಂಪನಿಯೊಂದರ ಎಂಜಿನಿಯರ್. ಮಾತಿನ ನಡುವೆ ಮರಾಠಿ ನುಸುಳಿದರೆ ತಾನೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅವಳಿಗೂ ಮರಾಠಿ ಬರುತ್ತಿತ್ತು, ಆದರೆ ಅವನು ನಾಲಿಗೆ ಕಚ್ಚಿಕೊಳ್ಳುವುದು ಚಂದವೆನಿಸಿ ಹೇಳಿರಲಿಲ್ಲ. ದ್ರಾವಣದ ಬಾಟಲಿ ಕೈಬದಲಾಗುವಾಗ ಗ್ಲೌಸಿಗೆ ಗ್ಲೌಸು ತಾಗುತ್ತಿತ್ತು. ಇಬ್ಬರೂ ಒಟ್ಟಿಗೆ “ಸಾರಿ” ಅನ್ನುತ್ತಿದ್ದರು. ಯಾರೂ ಕೈ ಬೇಗ ಹಿಂದಕ್ಕೆ ತೆಗೆಯುತ್ತಿರಲಿಲ್ಲ.

ಎರಡು ವಾರದಲ್ಲಿ ಬರೆದು ಮುಗಿಸಬೇಕಾದ ಯಂತ್ರದ ಪ್ರೋಗ್ರಾಂ ಮೂರನೆಯ ವಾರಕ್ಕೆ ಬಂತು. “ಇಷ್ಟು ನಿಧಾನ ಕಲ್ಯೂ ಎಂಜಿನಿಯರನ್ನ ನಾ ಎಲ್ಲೂ ನೋಡಿಲ್ಲ ಬೇ,” ಎಂದು ಕಮಲಾಬಾಯಿ ಸುಗಂಧಾಳ ಕಿವಿಯಲ್ಲಿ ಹೇಳಿ, ಖಾಲಿ ಕಪ್ಪು ಎತ್ತಿಕೊಂಡು ಹೋದಳು.

ಒಂದು ಮಧ್ಯಾಹ್ನ ಅವನು ಅವಳನ್ನು ಕರೆದು ಯಂತ್ರ ಓಡಿಸಿ ತೋರಿಸಿದ. ಗಾಜಿನ ಬಾಗಿಲಿನ ಒಳಗೆ ಎಂಟು ಸಣ್ಣ ಕೊಳವೆಗಳ ತೋಳು ಇಳಿದು ದ್ರಾವಣ ಹೀರಿತು, ಪ್ಲೇಟಿನ ಗುಳಿಗಳಿಗೆ ಬಿಟ್ಟಿತು. ಆಮೇಲೆ ಪ್ಲೇಟು ಎರಡು ಸಲ ಮೆಲ್ಲಗೆ ಅಲುಗಿ, ಒಂದು ಕ್ಷಣ ತಡೆಯಿತು.

“ಕಂಪನಿ ಪುಸ್ತಕದಾಗ ಇದು ಇಲ್ರಿ,” ಎಂದ ಅವನು. “ನಿಮ್ಮ ಕೈಯಾಗ ಇತ್ತು.”

ಆ ಸಂಜೆ ಮನೆಗೆ ಹೋಗುವಾಗ ಸುಗಂಧಾ ಎರಡು ಸಲ ದಾರಿ ಬಿಟ್ಟು ನಡೆದಳು.

ಆ ಲ್ಯಾಬಿನಲ್ಲಿ ಒಂದು ನಿಯಮವಿತ್ತು. ಅಂಥ ಕೆಲಸ ನಡೆಯುವ ಎಲ್ಲ ಲ್ಯಾಬುಗಳಲ್ಲೂ ಇರುವ ನಿಯಮ ಅದು. ಮೂರು ಕೋಣೆ, ಮೂರು ಬಣ್ಣದ ಏಪ್ರನ್. ಮೊದಲ ಕೋಣೆಯಲ್ಲಿ ಎಲೆ ಅರೆದು ಡಿಎನ್‌ಎ ತೆಗೆಯುವುದು, ಬಿಳಿ. ಎರಡನೆಯದರಲ್ಲಿ ಮಿಶ್ರಣ, ನೀಲಿ. ಮೂರನೆಯದರಲ್ಲಿ ಬೆಳೆಸಿದ ಟ್ಯೂಬು ತೆರೆದು ನೋಡುವುದು, ಹಳದಿ. ನಡೆಯುವುದು ಒಂದೇ ದಿಕ್ಕಿಗೆ. ಮೂರನೆಯ ಕೋಣೆಗೆ ಹೋದವರು ಆ ದಿನ ಮೊದಲ ಕೋಣೆಗೆ ಕಾಲಿಡುವಂತಿಲ್ಲ. ಮನೆಗೆ ಹೋಗಿ, ಸ್ನಾನ ಮಾಡಿ, ಮರುದಿನವೇ ಬರಬೇಕು. ಕೋಟಿಪಟ್ಟು ಬೆಳೆದ ತುಣುಕು ಕಣ್ಣಿಗೆ ಕಾಣದೆ ತೋಳಿಗೆ, ಕೂದಲಿಗೆ ಅಂಟಿರುತ್ತದೆ. ಅದರಲ್ಲಿ ಒಂದು ಕಣ ಮೊದಲ ಕೋಣೆಯ ಟ್ಯೂಬಿಗೆ ಬಿದ್ದರೂ ಆರೋಗ್ಯದ ಸಸಿ ರೋಗಿ ಎನಿಸಿಕೊಳ್ಳುತ್ತದೆ. ಈ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದವಳೇ ಸುಗಂಧಾ.

ಯಂತ್ರವನ್ನು ಒಪ್ಪಿಕೊಳ್ಳುವ ಷರತ್ತೂ ಅದರ ಮೇಲೆಯೇ ನಿಂತಿತ್ತು. ಪ್ರತಿ ಪ್ಲೇಟಿನಲ್ಲಿ ಎಂಟು ಗುಳಿಗೆ ಎಲೆ ಹಾಕದೆ ಬರೀ ನೀರು ಹಾಕುವುದು. ಮೂರು ದಿನ ಸತತವಾಗಿ ಆ ಎಂಟರಲ್ಲಿ ಏನೂ ಕಾಣಬಾರದು. ಕಂಡರೆ ಯಂತ್ರ ವಾಪಸು.

ಎರಡು ದಿನ ಚೆನ್ನಾಗಿ ಹೋಯಿತು. ಮೂರನೆಯ ದಿನ ಶುಕ್ರವಾರ. ಮರುದಿನ ಬೆಳಗಿನ ಬಸ್ಸಿಗೆ ವಿಕ್ರಾಂತ ಹೊರಡುವವನಿದ್ದ.

ಸುಗಂಧಾ ಬೆಳಗಿನಿಂದ ಮೂರನೆಯ ಕೋಣೆಯಲ್ಲಿ ಹಿಂದಿನ ದಿನದ ಟ್ಯೂಬು ತೆರೆದು ನೋಡುತ್ತಿದ್ದಳು. ಹನ್ನೆರಡರ ಸುಮಾರಿಗೆ ಕಾರಿಡಾರಿಗೆ ಬಂದಳು. ಮೊದಲ ಕೋಣೆಯ ಗಾಜಿನಾಚೆ ಅವನೊಬ್ಬನೇ ಯಂತ್ರದ ಬಾಗಿಲು ತೆರೆದು ಕೊನೆಯ ಪ್ಲೇಟು ಜೋಡಿಸುತ್ತಿದ್ದ. ಮಧ್ಯಾಹ್ನ ಲ್ಯಾಬಿನ ಮುಖ್ಯಸ್ಥ ವಿರುಪಾಕ್ಷಪ್ಪ ಸರ್ ಬರುತ್ತಾರೆ, ಸಂಜೆ ಫಲಿತಾಂಶ ನೋಡಲು ಜನ ಸೇರುತ್ತಾರೆ. ಮನಸ್ಸಿನ ಮಾತು ಹೇಳಲು ಈಗ ಬಿಟ್ಟರೆ ಇಲ್ಲ ಎಂದು ಅವಳಿಗೆ ಅನಿಸಿತು. ಅಷ್ಟೇ ಅನಿಸಿದ್ದು. ಬಾಗಿಲ ಮೇಲಿನ ತನ್ನದೇ ಅಕ್ಷರ ಕಣ್ಣಿಗೆ ಬೀಳಲಿಲ್ಲ.

ಅವಳು ಒಳಗೆ ಹೋಗಿ ಅವನ ಪಕ್ಕಕ್ಕೆ, ತೆರೆದ ಪ್ಲೇಟಿನ ಹತ್ತಿರ ನಿಂತಳು. ಅವನು ತಲೆ ಎತ್ತಿದ. ಅವನ ಕಣ್ಣು ಅವಳ ಮುಖದ ಮೇಲೆ ನಿಂತಿತು, ಒಮ್ಮೆ ಕೆಳಗೆ ಇಳಿಯಿತು, ಮತ್ತೆ ಮುಖಕ್ಕೆ ಬಂತು. ಹೇಳಬೇಕೆಂದು ತಂದಿದ್ದ ಮಾತು ಅವಳ ಗಂಟಲಿನಲ್ಲೇ ಉಳಿಯಿತು.

“ಚಹಾ ಆಗೇತ್ರಿ,” ಎಂದಳು.

“ಬಂದೆನ್ರಿ,” ಎಂದ ಅವನು, ಬಹಳ ಮೆಲ್ಲಗೆ.

ಹೊರಗೆ ಬಂದು ಕೈ ತೊಳೆಯುವಾಗ ಅವಳಿಗೆ ತನ್ನ ಏಪ್ರನ್ನಿನ ಹಳದಿ ತೋಳು ಕಂಡಿತು.

ಓಡಿ ಹೋಗಿ ನಿಲ್ಲಿಸಬಹುದಿತ್ತು. ಪ್ಲೇಟು ಬಿಸಾಕಿ ಹೊಸದು ಹೂಡಿದ್ದರೆ ಎರಡು ತಾಸು ತಡವಾಗುತ್ತಿತ್ತು, ಅಷ್ಟೇ. ಆದರೆ ಯಾಕೆ ಹೋದೆ ಎಂದು ಸರ್ ಕೇಳಿದರೆ ಏನು ಹೇಳುವುದು? ಚಹಾ ಕರೆಯಲು ಕಮಲಾಬಾಯಿ ಇದ್ದಳಲ್ಲ. ಒಂದು ನಿಮಿಷವೂ ನಿಂತಿರಲಿಲ್ಲ, ಏನೂ ಆಗಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಸಂಜೆ ಪರದೆಯ ಮೇಲೆ ನೀರಿನ ಎಂಟು ಗುಳಿಗಳಲ್ಲಿ ಐದು ರೋಗ ತೋರಿಸಿದವು.

ವಿರುಪಾಕ್ಷಪ್ಪ ಸರ್ ಗದರುವವರಲ್ಲ. ಎಲ್ಲರನ್ನೂ ನಿಲ್ಲಿಸಿ, ಯಾರಾದರೂ ಹಿಂದಕ್ಕೆ ನಡೆದಿರಾ ಎಂದು ಒಂದೇ ಸಲ ಕೇಳಿದರು. ಸುಗಂಧಾ ನೆಲ ನೋಡಿದಳು. ಕಾಂಟ್ರ್ಯಾಕ್ಟಿನ ಸಹಿ ಬರುವ ತಿಂಗಳಿತ್ತು.

“ನನ್ನ ಕೈ ತಪ್ಪಿರಬೇಕ್ರಿ ಸರ್,” ಎಂದ ವಿಕ್ರಾಂತ.

ಯಂತ್ರ ಪೆಟ್ಟಿಗೆ ಸೇರಿತು. ಶನಿವಾರ ಬೆಳಗ್ಗೆ ಅವನು ಬಸ್ಸಿಗೆ ಹೋಗುವ ಮುನ್ನ ಲ್ಯಾಬಿನ ಗೇಟಿನ ಹತ್ತಿರ ಹತ್ತು ನಿಮಿಷ ನಿಂತಿದ್ದನಂತೆ. ಕಮಲಾಬಾಯಿ ಹೇಳಿದಳು. ಸುಗಂಧಾ ಆ ದಿನ ಜ್ವರವೆಂದು ರಜೆ ಹಾಕಿದ್ದಳು. ಅವನ ನಂಬರು ಅವಳ ಫೋನಿನಲ್ಲಿತ್ತು. ಒತ್ತಲಿಲ್ಲ. ಅವನಿಂದಲೂ ಕರೆ ಬರಲಿಲ್ಲ. ಯಂತ್ರದ್ದೇ ದೋಷವಿದ್ದೀತು ಎಂಬ ಮಾತನ್ನು ಅವಳು ಔಷಧದಂತೆ ದಿನಾ ನುಂಗಿದಳು.

ಎಂಟು ತಿಂಗಳ ಮೇಲೆ ಅದೇ ಯಂತ್ರ ಮರಳಿ ಬಂತು. ಪುಣೆಯಲ್ಲಿ ಬಿಚ್ಚಿ ನೋಡಿದರೂ ದೋಷ ಸಿಕ್ಕಿರಲಿಲ್ಲ. ಜೊತೆಗೆ ಬಂದ ಹೊಸ ಎಂಜಿನಿಯರ್ ಪ್ರೋಗ್ರಾಂ ತೆರೆದು, ಮೊದಲಿನವನು ಚೆನ್ನಾಗಿಯೇ ಬರೆದಿದ್ದಾನೆ, ಬದಲಿಸುವುದೇನಿಲ್ಲ ಎಂದ. ಯಂತ್ರ ಚೆನ್ನಾಗಿದ್ದದ್ದಕ್ಕೆ ಕೈಯೇ ಸರಿಯಿಲ್ಲವೆಂದು ಮೊದಲಿನವನನ್ನು ತೆಗೆದರಂತೆ, ಈಗ ನಿಪ್ಪಾಣಿಯಲ್ಲಿ ತೂಕದ ಯಂತ್ರ ರಿಪೇರಿ ಮಾಡುತ್ತಾನಂತೆ ಎಂಬುದನ್ನೂ ಬಿಸ್ಕೀಟು ತಿನ್ನುತ್ತ ಹೇಳಿದ. ಮೂರು ದಿನವೂ ನೀರಿನ ಗುಳಿಗಳು ಖಾಲಿಯಾಗಿಯೇ ಉಳಿದವು. ಪ್ಲೇಟು ಎರಡು ಸಲ ಅಲುಗಿ ಒಂದು ಕ್ಷಣ ತಡೆಯುವುದನ್ನು ಸುಗಂಧಾಳಿಗೆ ನೋಡಲಾಗಲಿಲ್ಲ.

ಅವಳು ಸರ್ ಕೋಣೆಗೆ ಹೋಗಿ, ಕೂರದೆ, ಎಲ್ಲವನ್ನೂ ಹೇಳಿದಳು. ಯಾಕೆ ಹೋದೆ ಎಂಬುದನ್ನೂ ಹೇಳಿದಳು. ವಿರುಪಾಕ್ಷಪ್ಪ ಸರ್ ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

“ಎಂಟು ತಿಂಗಳು ಅನ್ನ ಹೆಂಗ ಇಳೀತವ್ವಾ ನಿನಗ?” ಎಂದರು.

ಅವಳನ್ನು ಮೊದಲ ಕೋಣೆಯಿಂದ ತೆಗೆದು, ರೈತರಿಂದ ಎಲೆ ಪಡೆದು ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಎಂಜಿನಿಯರನದು ತಪ್ಪಿರಲಿಲ್ಲ ಎಂದು ಕಂಪನಿಗೆ ಪತ್ರ ಬರೆದರು. ಅದರ ಒಂದು ಪ್ರತಿ ಕೇಳಿ ಪಡೆದುಕೊಂಡು ಸುಗಂಧಾ ಭಾನುವಾರ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಿಪ್ಪಾಣಿಯಲ್ಲಿ ಇಳಿದಳು.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ತಂಬಾಕು ವ್ಯಾಪಾರಿಗಳ ಓಣಿಯಲ್ಲಿ, ಬಿಚ್ಚಿಟ್ಟ ತಕ್ಕಡಿಗಳ ನಡುವೆ ಅವನು ಬಗ್ಗಿ ಕೂತಿದ್ದ. ಸ್ವಲ್ಪ ಸೊರಗಿದ್ದ. ಅವಳನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಇದ್ದ ಒಂದೇ ಸ್ಟೂಲನ್ನು ಅವಳಿಗೆ ಕೊಟ್ಟ. ಪತ್ರವನ್ನು ಎರಡು ಸಲ ಓದಿದ.

“ಆ ದಿನ ನಾ ಹಳದಿ ಏಪ್ರನ್ ಮ್ಯಾಲೆ ಒಳಗ ಬಂದಿದ್ದೆ,” ಎಂದಳು ಸುಗಂಧಾ.

“ಗೊತ್ತೈತ್ರಿ. ನೋಡಿದ್ದೆ.”

“ಮತ್ತ ಯಾಕ ಪ್ಲೇಟ್ ನಿಲ್ಲಿಸಲಿಲ್ಲ?”

“ನಿಲ್ಲಿಸಿದ್ರ ಯಾಕಂತ ಎಲ್ಲಾರಿಗೂ ಹೇಳಬೇಕಾಗ್ತಿತ್ತು. ನಿಮ್ಮ ಹೆಸರು ಬರ್ತಿತ್ತು.” ಅವನು ಸ್ಕ್ರೂ ಒಂದನ್ನು ಬೆರಳಲ್ಲಿ ಹೊರಳಿಸಿದ. “ಏನೂ ಆಗಲಿಕ್ಕಿಲ್ಲ ಅಂತ ನಾನೂ ಅಂದ್ಕೊಂಡೆ. ತಪ್ಪು ನಂದೂ ಐತಿ.”

“ನಾ ಚಹಾ ಹೇಳಾಕ ಬಂದಿರಲಿಲ್ರಿ.”

“ಅದೂ ಗೊತ್ತೈತಿ. ಆ ಮಾತು ಕೇಳಬೇಕಂತನ ಕೆಲಸ ಮೂರನೇ ವಾರಕ್ಕ ಎಳದಿದ್ದೆ.”

ಓಣಿಯಲ್ಲಿ ಟೆಂಪೋ ಒಂದು ಹಿಂದಕ್ಕೆ ತಿರುಗುತ್ತ ಬಹಳ ಹೊತ್ತು ಸದ್ದು ಮಾಡಿತು. ಆಮೇಲೆ ಸುಗಂಧಾ ಎಂಟು ತಿಂಗಳಿನಿಂದ ಗಂಟಲಲ್ಲಿದ್ದುದನ್ನು, ಇಂಥ ಮಾತಿಗೆ ಇಂಥ ಜಾಗವೇ ಎಂದು ನಾಚುತ್ತಲೇ, ಹೇಳಿದಳು. ನಿಮ್ಮನ್ನು ಬಿಟ್ಟು ಬೇರೆ ಯಾರ ಜೊತೆಗೂ ಬಾಳುವೆ ನೆನೆಸಿಕೊಳ್ಳಲು ನನಗೆ ಆಗಲಿಲ್ಲ ಎಂದಳು. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತಾಗಿತ್ತು ಎಂದು ಅವಳಿಗೇ ಆಶ್ಚರ್ಯವಾಯಿತು.

ಅವನ ಕಣ್ಣು ತುಂಬಿದವು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡ.

“ಒಂದು ಫೋನ್ ಬರ್ತೈತಿ ಅಂತ ಬಾಳ ದಿನಾ ಕಾದೆ, ಸುಗಂಧಾ. ನೌಕರಿ ಹೋಗಿದ್ದು ಮನಸ್ಸಿಗೆ ಅಷ್ಟು ಹತ್ತಲಿಲ್ಲ. ನಾ ಮಾಡೀನಿ ಅಂತ ನೀವು ಸರ್‌ಗ ಹೇಳೂದು ಬ್ಯಾಡಾಗಿತ್ತು, ನನಗೊಬ್ಬಾಂವಗ ಹೇಳಿದ್ರ ಸಾಕಾಗಿತ್ತು.” ಮೊದಲ ಸಲ ಅವನು ಹೆಸರು ಹಿಡಿದು ಕರೆದಿದ್ದ. “ಈಗ ನೀವು ಸುಮ್ಮನ ಕೂತಾಗೆಲ್ಲ, ಏನ್ ಮುಚ್ಚಿಡಾಕತ್ತಾರೋ ಅಂತ ನಾ ನೋಡ್ತೀನಿ. ಜನ್ಮಪೂರ್ತಿ ನೋಡ್ತೀನಿ. ಅದು ನಿಮಗ ಬ್ಯಾಡ, ನನಗೂ ಬ್ಯಾಡ.”

ಅವನು ಕೋಪದಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಪತ್ರ ಕೆಲಸಕ್ಕೆ ಬರುತ್ತದೆ, ಕಂಪನಿ ತಿರುಗಿ ಕರೆದರೂ ಕರೆದೀತು ಎಂದು ಅವನು ಅದನ್ನು ನೀಟಾಗಿ ಮಡಚಿ ಕಿಸೆಗೆ ಹಾಕಿಕೊಂಡ. ಅಂಗಡಿಗೆ ಬೀಗ ಹಾಕಿ ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಬಂದ. ದಾರಿಯಲ್ಲಿ ಕಮಲಾಬಾಯಿಯ ಮಂಡಿನೋವು, ಸರ್ ಆರೋಗ್ಯ ವಿಚಾರಿಸಿದ. ಚಿಕ್ಕೋಡಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಅವಳು ಹತ್ತಿ ಕೂತ ಮೇಲೆ ಅವನು ಕಿಟಕಿಯ ಕೆಳಗೆ ಬಂದ.

“ಮುಟ್ಟಿದ ಮ್ಯಾಲೆ ಫೋನ್ ಮಾಡ್ರಿ,” ಎಂದ. ಊರಿಗೆ ಹೋಗುವ ಯಾರಿಗಾದರೂ ಅನ್ನುವ ಮಾತು. ಅಂದ ಮೇಲೆ ಆ ಬಾರದ ಫೋನು ಇಬ್ಬರಿಗೂ ನೆನಪಾಯಿತು. ಅವನು ತಿದ್ದಲು ಬಾಯಿ ತೆರೆದು, ಹಾಗೆಯೇ ಬಿಟ್ಟ.

ಉಗಾರದಲ್ಲಿ ಇಳಿದಾಗ ಕತ್ತಲಾಗುವುದರಲ್ಲಿತ್ತು. ಕಬ್ಬಿನ ಟ್ರ್ಯಾಕ್ಟರು ದಾಟಿಹೋಗಲೆಂದು ಸುಗಂಧಾ ರಸ್ತೆಯ ಬದಿಗೆ ಸರಿದು ನಿಂತಳು. ನಂಬರು ಒತ್ತಿದಳು. ಮೊದಲ ರಿಂಗಿಗೇ ಅವನು ಎತ್ತಿದ.

“ಮುಟ್ಟಿದೆನ್ರಿ,” ಎಂದಳು.

“ಹೂಂ. ಚಲೋ ಆತು.”

ಆಮೇಲೆ ಯಾರೂ ಫೋನು ಇಡಲಿಲ್ಲ. ಅವನು ಉಸಿರಾಡುವುದು ಕೇಳುತ್ತಿತ್ತು. ಟ್ರ್ಯಾಕ್ಟರಿನ ಹಿಂದಿನ ಎರಡು ಟ್ರೇಲರುಗಳೂ ದಾಟಿ, ದೂಳು ಕೂತು, ರಸ್ತೆ ಖಾಲಿಯಾಗುವವರೆಗೆ ಅವಳು ಅದನ್ನು ಕೇಳುತ್ತ ನಿಂತಳು. ಕೊನೆಗೆ ಅವನಿಗೆ ಕಷ್ಟವಾಗಬಾರದೆಂದು ತಾನೇ ಕಟ್ ಮಾಡಿದಳು.