ಕಥೆಯಲ್ಲಿ ಬೇಡವಾದ ಮೆಕ್ಯಾನಿಕ್

ಆಗೆಲ್ಲ ರಾತ್ರಿ ಹನ್ನೊಂದಾದರೆ ಸೈಗಾನ್ ಪಕ್ಕದ ಬಿಯೆನ್ ಹ್ವಾದ ನಮ್ಮ ವಠಾರದ ಹೆಂಗಸರೆಲ್ಲ ಅಂಗಳಕ್ಕೆ ಬರುತ್ತಿದ್ದೆವು. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ದುಡಿದು ಸುಸ್ತಾಗಿದ್ದರೂ, ಸ್ಪೀಕರಿನಲ್ಲಿ ಯೂಟ್ಯೂಬಿನ ಪ್ರೇಮಕಥೆ ಕೇಳದೆ ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಹಿಂದೆ ಪಿಯಾನೋ, ಮುಂದೆ ಮೆತ್ತನೆಯ ದನಿ. ಹೀರೋ ಯಾವಾಗಲೂ ಕಂಪನಿ ಡೈರೆಕ್ಟರ್, ಯಾವಾಗಲೂ ಸಿಡುಕ. ಮೂರನೇ ಭಾಗಕ್ಕೆ ಯಾರಿಗಾದರೂ ನೆನಪು ಹೋಗಲೇಬೇಕು. ಎಷ್ಟು ಚೆಂದವಿತ್ತು ಆ ಸುಳ್ಳು!

ಕೇಳುಗರೂ ತಮ್ಮ ಕಥೆ ಕಳಿಸಬಹುದಿತ್ತು. ಹೆಸರು ಬದಲಿಸಿ ನಾನೂ ಕಳಿಸಿದೆ.

ಖಿಯೆಮ್ ನಮ್ಮ ಲೈನಿನ ಹೊಲಿಗೆ ಮಷೀನ್ ಮೆಕ್ಯಾನಿಕ್. ನನ್ನ ಮಷೀನ್ ಕೆಡದಿದ್ದರೂ ದಿನಕ್ಕೆರಡು ಸಲ ನೋಡಲು ಬರುತ್ತಿದ್ದ. ಓರೆಗಣ್ಣಲ್ಲಿ ನಕ್ಕು, ಬೇಯಿಸಿದ ಜೋಳದ ತೆನೆಯೊಂದನ್ನು ಇಟ್ಟು ಹೋಗುತ್ತಿದ್ದ. ನನಗೆ ಅವನೆಂದರೆ ಪ್ರಾಣ. ಅವನ ಉಗುರಿನ ಗ್ರೀಸ್ ಕಂಡರೆ ಮಾತ್ರ, ಊರಲ್ಲಿ ಅಮ್ಮನಿಗೆ ಏನು ಹೇಳಲಿ ಎಂದು ಸಂಕೋಚ.

ಹಾಗಾಗಿ ಆ ನಗು, ಆ ಜೋಳ ಎಲ್ಲವನ್ನೂ ಡೈರೆಕ್ಟರನಿಗೆ ಕೊಟ್ಟೆ. ಗ್ರೀಸ್ ಕೈ ಉಳಿಯಿತು. ಅದನ್ನೊಬ್ಬ ಪೆದ್ದ ಮೆಕ್ಯಾನಿಕ್‌ಗೆ ಅಂಟಿಸಿ, ಹುಡುಗಿ ಅವನನ್ನು ಗೇಲಿ ಮಾಡಿ ಓಡಿಸುವಂತೆ ಬರೆದೆ.

ಕಥೆ ಬಂದ ರಾತ್ರಿ, ಸ್ಪೀಕರ್ ರಿಪೇರಿಗೆಂದು ಬಂದ ಖಿಯೆಮ್ ಕೂಡ ಅಂಗಳದಲ್ಲೇ ಕೂತಿದ್ದ.

"ಡೈರೆಕ್ಟರ್ ಜೋಳ ತರ್ತಾನಂತೆ ಕಣ್ರೇ!" ಮನೆ ಓನರ್, ತು ಎಂಬ ಅಜ್ಜಿ, ಕೇಕೆ ಹಾಕಿದಳು. "ದಿನಾ ಫ್ಯಾಕ್ಟರಿಯಿಂದ ಜೋಳ ತರೋಳು ಇವ್ಳೊಬ್ಳೇ, ಇದನ್ನ ಬರ್ದೋಳು ನಮ್ ಲುವಾನೇ! ಖಿಯೆಮ್, ಹಂಗಾದ್ರೆ ಆ ಪೆದ್ದ ನೀನೇ ಅಲ್ವೇನೋ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮರುದಿನದಿಂದ ಅವನು ನಮ್ಮ ಲೈನಿಗೆ ಬರಲಿಲ್ಲ. ಶನಿವಾರ ಸುದ್ದಿ ಬಂತು: ಬೇರೆ ಯೂನಿಟ್ ಕೇಳಿಕೊಂಡಿದ್ದಾನೆ, ಸೋಮವಾರ ಹೊರಡುತ್ತಾನೆ. ಶಿಫ್ಟ್ ಬಿಟ್ಟಾಗ ಗೇಟಿನಲ್ಲಿ ಅಡ್ಡ ನಿಂತೆ.

"ಡೈರೆಕ್ಟರೂ ನೀನೇ," ಎಂದೆ. "ಒಬ್ಬನ್ನೇ ಇಬ್ಬರನ್ನಾಗಿ ಮಾಡ್ದೆ."

"ಯಾಕೆ?"

"ನೀನು ಮೆಕ್ಯಾನಿಕ್ ಅಂತ ನಾಚಿಕೆ ಆಗ್ತಿತ್ತು. ಈಗ ನನ್ನ ಬಗ್ಗೇನೇ ನಾಚಿಕೆ ಆಗ್ತಿದೆ. ಹೋಗ್ಬೇಡ ಖಿಯೆಮ್, ನೀನಂದ್ರೆ ನಂಗಿಷ್ಟ."

ಅವನು ಎರಡೂ ಕೈ ಜೇಬಿಗೆ ಸೇರಿಸಿದ.

"ಒಂದ್ ಮಾತು ಹೇಳ್ಲಾ, ಲುವಾ? ಅವತ್ತು ಕಥೆ ಕೇಳ್ತಾ, ಈ ಹುಡುಗಿ ಡೈರೆಕ್ಟರನ್ನೇ ಕಟ್ಕೊಳ್ಳಿ ಅಂತ ನಾನೂ ಬೇಡ್ಕೊಂಡೆ. ಅವನ ಜೊತೆ ಸುಖವಾಗಿರ್ತಾಳೆ ಅನ್ನಿಸ್ತು."

ಗೇಟಿನ ತುಂಬ ಜನ. ಅವನ ಕೈಗಳನ್ನು ಜೇಬಿನಿಂದ ಎಳೆದು ಎದೆಗೊತ್ತಿಕೊಂಡೆ. ನಮ್ಮಿಬ್ಬರ ಮದುವೆಯಾಗಿ ಒಂಬತ್ತು ವರ್ಷವಾಯಿತು. ಆ ಮಾತು ನೆನಪಾದರೆ ಇವತ್ತಿಗೂ ನನಗೆ ಅವನ ಮುಖ ನೋಡಲಾಗುವುದಿಲ್ಲ.