ಕರಿ ಬಣ್ಣದ ಆರನೇ ಡಬ್ಬಿ

“ನಮ್ಮಲ್ಲಿರುವ ರೈಲು ಡಬ್ಬಿ ಮಾರುವುದಿಲ್ಲ. ಬರಬೇಡಿ.”

ಸರಸಂಬಾದಿಂದ ಬಂದ ಆ ಕಾರ್ಡನ್ನು ಓದಿ, ಜೇವರ್ಗಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದ ದೌಲತರಾಯ ನಕ್ಕ. ಹಳೆಯ ತಗಡಿನ ಆಟಿಕೆ ರೈಲು ಕೊಳ್ಳುತ್ತೇನೆಂದು ಅವನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದು ನಿಜ. ಆದರೆ ಮಾರುವ ಮನಸ್ಸಿಲ್ಲದವರು ಸುಮ್ಮನಿರುತ್ತಾರೆ, ಕಾರ್ಡು ಬರೆಯುವುದಿಲ್ಲ.

“ಬ್ಯಾಡ ಅಂದಲ್ಲಿ ಯಾಕ ಹೋಗ್ತೀರಿ?” ಹೆಂಡತಿ ಕಸ್ತೂರಿಬಾಯಿ ಕೇಳಿದಳು.

“ಬೆಲಿ ಏರಿಸಾಕ ಆಟ ಹೂಡ್ಯಾರ. ನಿನಗ ತಿಳಿಯೂದಿಲ್ಲ ಬಿಡು.”

“ಆ ಡಬ್ಬಿ ಅಂದ್ರ ಹೊಳಿಯೂ ನಿಮ್ಮ ಮಾರಿ, ನನ್ನ ನೋಡೂವಾಗ ಎಲ್ಲಿ ಹೋಗ್ತದೋ.”

ಅದು ಎಂಬತ್ತಾರನೆಯ ಇಸವಿ. ಅಂಗಡಿಯ ಗಾಜಿನ ಕಪಾಟಿನಲ್ಲಿ ಗೇಣುದ್ದದ ಐದು ಡಬ್ಬಿಗಳಿದ್ದವು, ಐದೂ ಜರ್ಮನಿಯವು. ಆರನೆಯದು ಸಿಕ್ಕರೆ ಆ ರೈಲು ಪೂರ್ತಿ. ಹನ್ನೊಂದು ವರ್ಷ ಕಾದಿದ್ದ.

ಸರಸಂಬಾದಲ್ಲಿ, ಕಾರ್ಡು ಬರೆದಿದ್ದ ಸುಭದ್ರಾಬಾಯಿಯ ವಾಡೆಯೊಳಗೆ ನಡುಮಧ್ಯಾಹ್ನವೂ ಕತ್ತಲು. ತೊಗರಿ ಚೀಲಗಳ ಧೂಳು, ಕುಸುಬಿ ಎಣ್ಣೆಯ ಕಮಟು. ಎಲ್ಲೋ ತಗಡಿಗೆ ತಗಡು ತಾಗಿದಂಥ ಸಣ್ಣ ಸದ್ದು. ಗೋಡೆಯಲ್ಲಿ ಕನ್ನಡಿ ಇದ್ದ ಜಾಗದಲ್ಲಿ ಬರೀ ಮೊಳೆ. ಮುದುಕಿ ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಕೂತಿದ್ದಳು. ಎದುರಿನ ಮಣೆಯ ಮೇಲೆ ಡಬ್ಬಿ. ಆಕಾರ ಅದೇ. ಆದರೆ ಮೈತುಂಬ, ಕಿಟಕಿಗಳ ಮೇಲೂ, ಡಾಂಬರಿನಂಥ ಕರಿ ಬಣ್ಣ.

“ಕೆದರಬ್ಯಾಡ್ರಿ ಯಪ್ಪಾ,” ಎಂದಳು. “ನನ್ನ ನೆಗೆಣ್ಣಿ, ಮೈದುನನ ಹೆಂಡ್ತಿ, ಮಾಟಾ ಮಾಡಿಸ್ಯಾಳ ಇದಕ್ಕ. ಬಣ್ಣ ಕೆದರಿದವರ ಮಾರಿ ಕಿಟಕ್ಯಾಗ ಹೋಗಿ ಕುಂದರ್ತದ. ಮತ್ತೊಬ್ಬರು ಕೆದರೂತನಕ ಬಿಡಂಗಿಲ್ಲ. ನಂದು ಹೋಗಿ ಒಂಬತ್ತು ವರ್ಷ ಆತು.”

“ಹಂಗಿದ್ರ ನನಗ ಕಾರ್ಡ್ ಯಾಕ ಬರದ್ರಿ?”

ಮುದುಕಿ ಮಣೆಯನ್ನು ಅವನ ಕಡೆ ಸರಿಸಿದಳು. ತಗಡಿನ ಸದ್ದು ನಿಂತಿತು.

ಬಣ್ಣದ ಕೆಳಗೆ ತುಕ್ಕಿರಬೇಕು, ಇಲ್ಲವೇ ಡಬ್ಬಿಯೇ ನಕಲಿ ಇರಬೇಕು. ಕೆಳಗಿನ ತಗಡು ನೋಡದೆ ಬೆಲೆ ಹೇಳಬಾರದೆಂದು ಅವನಿಗೆ ಕಲಿಸಿದವರು ಅಫಜಲಪುರದ ಖಾದರಸಾಬ, ಈ ಹುಚ್ಚಿನಲ್ಲಿ ಅವನ ಉಸ್ತಾದ. ಅವರ ಹಾಗೆಯೇ ಹೆಬ್ಬೆರಳಿನ ಉಗುರು ಊರಿ ಒಂದು ಕಿಟಕಿಯನ್ನು ಕೆದರಿದ.

ಬಣ್ಣ ಹಸಿ ಸಿಪ್ಪೆಯಂತೆ ಸುಲಿದು ಬಂತು. ಸುಟ್ಟ ಕೂದಲಿನ ವಾಸನೆ. ಅವನ ಐದೂ ಡಬ್ಬಿಗಳ ಕಿಟಕಿಗಳಲ್ಲಿ ಯಂತ್ರದಲ್ಲಿ ಅಚ್ಚಾದ, ಟೊಪ್ಪಿಗೆಯ ದೊರೆಗಳಿದ್ದರು. ಇಲ್ಲಿದ್ದವಳು ಹಣೆಗೆ ವಿಭೂತಿ ಹಚ್ಚಿದ ಒಬ್ಬ ಮುದುಕಿ.

“ಚಿತ್ರಾ ಬಿಡಿಸಿ ಸಾಮಾನು ಕೆಡಿಸೀರಲ್ಲ ಬಾಯಾರ,” ಎನ್ನುತ್ತ ತಲೆಯೆತ್ತಿದ.

ಸುಭದ್ರಾಬಾಯಿ ಸೆರಗು ಸರಿಸಿದ್ದಳು. ಅದೇ ಮುಖ. ಅದೇ ವಿಭೂತಿ. ಎರಡೂ ಕೈಯಿಂದ ಕೆನ್ನೆ ಸವರಿಕೊಳ್ಳುತ್ತ ಅಳುತ್ತಿದ್ದಳು.

“ಒಯ್ರಿ. ರೊಕ್ಕಾ ಬ್ಯಾಡ. ನಾ ಬ್ಯಾಡ ಅಂದಿದ್ದೆ, ನೆನಪಿರ್ಲಿ.”

ಕೆಳಗೆ ನೋಡಿದ. ಕಿಟಕಿ ಖಾಲಿ.

ಬಸ್ಸು ಕಡಗಂಚಿ ದಾಟುವಾಗ ತೊಡೆಯ ಮೇಲಿನ ಡಬ್ಬಿ ಬಿಸಿಯಾಯಿತು. ಖಾಲಿ ಕಿಟಕಿಯಲ್ಲಿ ಏನೋ ಮೂಡುತ್ತಿತ್ತು. ಮೊದಲು ಅವನದೇ ಕನ್ನಡಕ. ಆಮೇಲೆ ಮೀಸೆ. ಕಂಡಕ್ಟರ್ ಬಂದು ಟಿಕೆಟ್ ತೆಗೆದುಕೊಳ್ಳಲು ಹೇಳಿದ.

“ಆಳಂದದಾಗ ನಿಮ್ಮ ಕಡೀನ ತೊಗೊಂಡೇನಲ್ಲ.”

“ನಿಮ್ಮನ್ನ ಈಗಽ ನೋಡಾಕತ್ತೇನಿ.”

ಮನೆಯ ಬಾಗಿಲು ತೆರೆದ ಕಸ್ತೂರಿಬಾಯಿ ಒಂದು ಹೆಜ್ಜೆ ಹಿಂದೆ ಸರಿದಳು. “ಯಾರು ಬೇಕಾಗಿತ್ರಿ? ಮನಿಯವರು ಊರಾಗಿಲ್ಲ.”

ಬಾಯಿ ತೆರೆದ. ಅಗಳಿ ಬಿತ್ತು.

ಅಂಗಡಿಗೆ ಓಡಿದ. ಗಡಿಯಾರಗಳ ಗಾಜಿನಲ್ಲಿ ಹುಡುಕಿದ. ಕನ್ನಡಕ ಕಂಡಿತು. ಕನ್ನಡಕದ ಹಿಂದೆ ಏನೂ ಇಲ್ಲ. ಇನ್ನೊಂದು ಗಾಜು. ಮತ್ತೊಂದು. ಏನೂ ಇಲ್ಲ.

ಡಬ್ಬಿಗೆ ಕರಿ ಬಣ್ಣ ಬಳಿದ. ಕಾರ್ಡು ತಂದಿಟ್ಟ. ಮೂರು ದಿನ ಬರೆಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕಸ್ತೂರಿಬಾಯಿ ಅಂಗಡಿಗೆ ಬಂದು, ಅತ್ತು ಊದಿದ ಕಣ್ಣಿನಿಂದ, ಗಂಡನನ್ನು ಎಲ್ಲಾದರೂ ಕಂಡಿರಾ ಎಂದು, ಗಿರಾಕಿಯೆಂದು ತಿಳಿದು, ಅವನನ್ನೇ ಕೇಳಿದಳು. ಅವಳು ಹೋದ ಮೇಲೆ ಬರೆದ. ಅಫಜಲಪುರದ ವಿಳಾಸ. ಎರಡೇ ಸಾಲು.

ಖಾದರಸಾಬ ಶುಕ್ರವಾರದ ನಮಾಜು ಮುಗಿಸಿಯೇ ಬಂದರು. “ಬರಬ್ಯಾಡ ಅಂತ ಬರದಾನ, ಬದ್ಮಾಶ್. ಎಲ್ಲಿ ಅದಾನ ನಮ್ಮ ದೌಲತರಾಯ?”

“ಊರಾಗಿಲ್ರಿ.” ಮುಖಕ್ಕೆ ಟವೆಲು ಸುತ್ತಿಕೊಂಡವನು ಡಬ್ಬಿಯನ್ನು ಅವರ ಮುಂದೆ ಸರಿಸಿದ. “ಕೆದರಬ್ಯಾಡ್ರಿ.”

ನಿಜವಾಗಿಯೂ ಬೇಡಿಕೊಳ್ಳುತ್ತಿದ್ದೇನೆಯೇ ಎಂದು ಅವನಿಗೇ ಸಂಶಯ.

ಉಸ್ತಾದರು ಕಣ್ಣು ಕಿರಿದು ಮಾಡಿ ಅವನನ್ನು ನೋಡಿದರು. ನಕ್ಕರು. ಹೆಬ್ಬೆರಳಿನ ಉಗುರನ್ನು ಕಿಟಕಿಯತ್ತ ಒಯ್ದರು.